ತಿಮಿಂಗಿಲ ಏನಾಯ್ತು?

ಮೊದಲನೇ ಸಂಪುಟ ತೆರೆದ ದಿನ ಪುಸ್ತಕವೇ ನನ್ನನ್ನು ಗದರಿತ್ತು. 2015ರ ಜೂನ್. ಕೆಲಸದ ಮೇಲೆ ಬೆಂಗಳೂರಿಗೆ ಹೋದವನು ಚರ್ಚ್ ಸ್ಟ್ರೀಟಿನಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡೆ. ಒಂದು ಪುಸ್ತಕದಂಗಡಿಗೆ ನುಗ್ಗಿ, ಸುಮ್ನೆ ನಿಂತರೆ ಅಂಗಡಿಯವರು ಏನಂದುಕೊಳ್ಳುತ್ತಾರೋ ಅಂತ ಕೈಗೆ ಸಿಕ್ಕಿದ ಚಿತ್ರಕಥೆ ಪುಸ್ತಕವೊಂದನ್ನು ಕೊಂಡೆ. ರಟ್ಟಿನ ಮೇಲೆ ಹುಲ್ಲಿನ ಟೋಪಿ ಹಾಕಿಕೊಂಡ ಒಬ್ಬ ಹುಡುಗ, ಜೊತೆಗೆ ಇನ್ನಿಬ್ಬರು, ಒಂದು ಪುಟ್ಟ ದೋಣಿ. ರಾತ್ರಿ ಮೆಜೆಸ್ಟಿಕ್‌ನಲ್ಲಿ ಚಿಕ್ಕಮಗಳೂರು ಬಸ್ ಹತ್ತಿ, ಕಿಟಕಿ ಪಕ್ಕ ಕೂತು, ಎಲ್ಲರೂ ತೆರೆಯುವ ಹಾಗೆಯೇ ತೆರೆದೆ. ಕಥೆ ಇರಲಿಲ್ಲ. ತಪ್ಪು ದಿಕ್ಕಿನಿಂದ ಓದುತ್ತಿದ್ದೀಯ ಎಂಬ ಎಚ್ಚರಿಕೆ ಇತ್ತು. ಜಪಾನಿನ ಪುಸ್ತಕ, ಬಲದಿಂದ ಎಡಕ್ಕೆ ಓದಬೇಕು, ನಮ್ಮ ಕೊನೇ ಪುಟ ಅವರ ಮೊದಲ ಪುಟ. ಸರಿ ಅಂತ ತಿರುಗಿಸಿದೆ. ಪುಸ್ತಕವೇನೋ ತಿರುಗಿತು, ಕಣ್ಣು ತಿರುಗಬೇಕಲ್ಲ! ನೆಲಮಂಗಲ ದಾಟುವವರೆಗೂ ಮೊದಲು ಉತ್ತರ ಓದಿ ಆಮೇಲೆ ಪ್ರಶ್ನೆ ಓದುತ್ತಿದ್ದೆ. ಒಬ್ಬ ನೆಲಕ್ಕೆ ಬಿದ್ದಿರುತ್ತಾನೆ, ಆಮೇಲೆ ಇನ್ನೊಬ್ಬ ಬಂದು ಅವನಿಗೆ ಗುದ್ದುತ್ತಾನೆ. ಕುಣಿಗಲ್ ಹತ್ತಿರ ಬಸ್ಸಿನ ದೀಪ ಆರಿಸಿದರು. ಮೊಬೈಲ್ ಬೆಳಕಿನಲ್ಲಿ ಓದಿದೆ. ಬೇಲೂರು ಬರುವ ಹೊತ್ತಿಗೆ ಪುಸ್ತಕ ಮುಗಿದಿತ್ತು, ಎರಡನೇ ಸಂಪುಟ ಇನ್ನೂರು ಚಿಲ್ಲರೆ ಕಿಲೋಮೀಟರ್ ಹಿಂದೆ ಉಳಿದಿತ್ತು.

ಆ ಪುಸ್ತಕ ‘ಒನ್ ಪೀಸ್’. ಗೊತ್ತಿಲ್ಲದವರಿಗೆ ಎರಡು ಮಾತು. ಎಯಿಚಿರೊ ಓಡಾ ಎಂಬವರು 1997ರ ಜುಲೈನಲ್ಲಿ ಶೋನೆನ್ ಜಂಪ್ ಎಂಬ ವಾರಪತ್ರಿಕೆಯಲ್ಲಿ ಶುರು ಮಾಡಿದ ಕಡಲ್ಗಳ್ಳರ ಕಥೆ. ಆಗ ಅವರಿಗೆ 22 ವರ್ಷ. ಐದು ವರ್ಷದಲ್ಲಿ ಮುಗಿಸಿಬಿಡುವ ಯೋಚನೆ ಇತ್ತಂತೆ, ಕಥೆ ಇನ್ನೂ ನಡೆಯುತ್ತಲೇ ಇದೆ. ಒಂದು ಕಂತು ಅಂದರೆ ಹದಿನೇಳು ಪುಟದ ಆಸುಪಾಸು. ಹತ್ತು ಹನ್ನೊಂದು ಕಂತು ಸೇರಿದರೆ ಒಂದು ಸಂಪುಟ. ನೂರನೇ ಸಂಪುಟ 2021ರ ಸೆಪ್ಟೆಂಬರಿನಲ್ಲಿ ಬಂತು. ಒಬ್ಬರೇ ಬರೆದ ಒಂದೇ ಚಿತ್ರಕಥಾ ಸರಣಿ ಅತಿ ಹೆಚ್ಚು ಪ್ರತಿ ಅಚ್ಚಾದದ್ದಕ್ಕೆ ಗಿನ್ನೆಸ್ ದಾಖಲೆಯೂ ಆಗಿದೆ, 32 ಕೋಟಿಗೂ ಜಾಸ್ತಿ. ಅದು ಸಿಕ್ಕಿದ್ದು ಸರಿಯಾಗಿ ನಾನು ಮೊದಲ ಸಂಪುಟ ಕೊಂಡ ತಿಂಗಳಲ್ಲೇ. ನನ್ನ ಪ್ರತಿ ಆ ಲೆಕ್ಕಕ್ಕೆ ಸೇರಿಲ್ಲ.

ಈಗ ನಾನು 62ನೇ ಸಂಪುಟದಲ್ಲಿದ್ದೇನೆ. ಹತ್ತು ವರ್ಷಕ್ಕೆ 62. ಬೇಕು ಅಂದರೆ ಎಲ್ಲವನ್ನೂ ಒಂದೇ ಸಲ ತರಿಸಬಹುದಿತ್ತು. ಮೂರು ಸಂಪುಟ ಸೇರಿಸಿ ಹೊಲಿದ ದಪ್ಪ ಪುಸ್ತಕಗಳೂ ಸಿಗುತ್ತವೆ, ಹಣವೂ ಉಳಿಯುತ್ತದೆ. ಆದರೂ ಒಂದು ಮುಗಿಯದೆ ಇನ್ನೊಂದು ತರಿಸುವುದಿಲ್ಲ ಅಂತ ಹಟ ಹಿಡಿದಿದ್ದೆ. ಎರಡು ತಿಂಗಳಿಗೊಂದು. ಶುರುವಿನಲ್ಲಿ ಅದು ಹಟವೇನೂ ಆಗಿರಲಿಲ್ಲ, ಬಡತನ ಅಷ್ಟೇ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುವವನ ಸಂಬಳದಲ್ಲಿ ತಿಂಗಳಿಗೊಂದು ಚಿತ್ರಕಥೆ ಪುಸ್ತಕ ಅಂದರೆ ಮನೆಯಲ್ಲಿ ಉತ್ತರ ಹೇಳಬೇಕಾಗುತ್ತದೆ. ಆಮೇಲೆ ಅದೇ ರೂಢಿಯಾಯಿತು. ಅದಕ್ಕೆ ಕಾರಣ ಅಮ್ಮ.

ಪುಸ್ತಕ ನೋಡಿ ಅಮ್ಮ ಮೊದಲು ಕೇಳಿದ್ದು, “ಏನೋ ಇದು?” ಅಂತ.

“ಮಂಗಾ ಅಂತಾರಮ್ಮ.”

“ಮಂಗನ ಕಥೆಯಾ?”

“ಅಲ್ಲಮ್ಮ, ಜಪಾನಿನಲ್ಲಿ ಚಿತ್ರಕಥೆಗೆ ಹಾಗಂತಾರೆ.”

“ಮತ್ತೆ ಈ ಹುಡುಗ ಯಾರು?”

ಹೇಳದೆ ವಿಧಿಯಿರಲಿಲ್ಲ. ಅವನ ಹೆಸರು ಮಂಕಿ ಡಿ. ಲೂಫಿ. ಅಮ್ಮನಿಗೆ ಇಂಗ್ಲಿಷ್ ಪುಸ್ತಕ ಓದಲು ಬಾರದಿದ್ದರೂ ಮಂಕಿ ಅಂದರೆ ಏನು ಅಂತ ಚೆನ್ನಾಗಿ ಗೊತ್ತು. “ನಾನು ಅದನ್ನೇ ಅಲ್ವಾ ಕೇಳಿದ್ದು” ಅಂದಳು.

ಅಮ್ಮ ಹುಟ್ಟಿದ್ದು ತರೀಕೆರೆ. ಮದುವೆಯಾಗಿ ಬಂದದ್ದು ಆಲ್ದೂರು ಹತ್ತಿರದ ಒಂದು ಕಾಫಿ ತೋಟಕ್ಕೆ. ಅಪ್ಪ ಅಲ್ಲಿ ರೈಟರ್. (ಬಯಲುಸೀಮೆಯವರಿಗೆ: ತೋಟದ ರೈಟರ್ ಅಂದರೆ ಕಥೆ ಬರೆಯುವವರಲ್ಲ, ಆಳುಗಳ ಹಾಜರಿ ಬರೆಯುವವರು.) ‘ಸುಧಾ’, ‘ತರಂಗ’ ಸಾಹುಕಾರರ ಬಂಗಲೆಯಲ್ಲಿ ಎಲ್ಲರೂ ಓದಿ ಮುಗಿಸಿದ ಮೇಲೆ ನಮ್ಮ ಮನೆಗೆ ಬರುತ್ತಿದ್ದವು, ಎರಡು ವಾರ ತಡವಾಗಿ, ಕೆಲವೊಮ್ಮೆ ಪದಬಂಧ ತುಂಬಿಸಿದ ಸ್ಥಿತಿಯಲ್ಲಿ. ಅಮ್ಮ ಧಾರಾವಾಹಿಯ ಹಾಳೆಗಳನ್ನು ಮಾತ್ರ ಹುಷಾರಾಗಿ ಕತ್ತರಿಸಿ ತೆಗೆದು, ಹಾಸಿಗೆ ಕೆಳಗೆ ಒತ್ತಿಟ್ಟು, ಕಥೆ ಮುಗಿದ ಮೇಲೆ ಎಲ್ಲವನ್ನೂ ಜೋಡಿಸಿ ದಬ್ಬಳದಲ್ಲಿ ತೂತು ಮಾಡಿ ಗೋಣಿ ದಾರ ಹಾಕಿ ಹೊಲಿಯುತ್ತಿದ್ದಳು. ಮೈದಾ ಅಂಟು, ಹಳೇ ಕ್ಯಾಲೆಂಡರಿನ ರಟ್ಟು. ಮೇಲೆ ಸ್ಕೆಚ್ ಪೆನ್ನಿನಲ್ಲಿ ಹೆಸರು. ಅಕ್ಕಪಕ್ಕದ ತೋಟಗಳಿಂದ ಅದನ್ನು ಓದೋಕೆ ಕೇಳಿಕೊಂಡು ಬರುತ್ತಿದ್ದರು.

ಒಂದು ಧಾರಾವಾಹಿಯಲ್ಲಿ 23ನೇ ಕಂತು ಇರಲಿಲ್ಲ. ಆ ವಾರದ ಪತ್ರಿಕೆಯನ್ನು ಯಾರೋ ಆಳುಗಳ ಲೈನ್ ಮನೆಗೆ ಒಣಮೀನು ಕಟ್ಟಿಕೊಂಡು ಹೋಗಲು ಒಯ್ದಿದ್ದರಂತೆ. 22ರಲ್ಲಿ ನಾಯಕಿ ಬಸ್ ಹತ್ತುತ್ತಾಳೆ, 24ರಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ಮಧ್ಯ ಏನಾಯಿತು ಅಂತ ಅಮ್ಮನೇ ಕಥೆ ಕಟ್ಟಿದಳು. ಪುಸ್ತಕ ಕೊಡುವಾಗಲೇ ಬಾಯಲ್ಲಿ ಹೇಳಿ ಕಳಿಸುತ್ತಿದ್ದಳು, 22 ಮುಗಿದ ಮೇಲೆ ಹೀಗ್ಹೀಗೆ ಆಯ್ತು ಅಂತ ತಿಳ್ಕೊಂಡು 24 ಓದಿ, ಅಂತ. ಎಷ್ಟೋ ವರ್ಷದ ಮೇಲೆ ಒಬ್ಬ ಡಾಕ್ಟರರ ಶಾಪಿನಲ್ಲಿ ಕಾಯುತ್ತಿರುವಾಗ ಹಳೇ ಪತ್ರಿಕೆಗಳ ಕಟ್ಟಿನಲ್ಲಿ ಆ ಕಂತು ಸಿಕ್ಕಿತು. ಓದಿ ಹಾಗೇ ಮಡಚಿಟ್ಟು ಬಂದಳು. “ನಂದೇ ಚೆನ್ನಾಗಿತ್ತು” ಅಂದಳು ಮನೆಗೆ ಬಂದು.

ಜಪಾನಿನಲ್ಲಿ ಅಮ್ಮನ ಈ ಕೆಲಸವನ್ನು ಪ್ರಕಾಶಕರೇ ಮಾಡುತ್ತಾರೆ. ವಾರಪತ್ರಿಕೆ ಅಗ್ಗದ ಕಾಗದದ್ದು, ಓದಿ ಬಿಸಾಡುವುದಕ್ಕೆ. ಇಟ್ಟುಕೊಳ್ಳುವುದಕ್ಕೆ ಸಂಪುಟ. ಅದರಲ್ಲಿ ಪತ್ರಿಕೆಯಲ್ಲಿ ಇಲ್ಲದ್ದೂ ಇರುತ್ತದೆ. ಓದುಗರು ತಲೆಹರಟೆ ಪ್ರಶ್ನೆ ಕೇಳುವುದು, ಓಡಾ ಅದಕ್ಕಿಂತ ತಲೆಹರಟೆ ಉತ್ತರ ಕೊಡುವುದು, ಎಸ್‌ಬಿಎಸ್ ಅಂತ ಅದಕ್ಕೊಂದು ಅಂಕಣ. ನಾಲ್ಕನೇ ಸಂಪುಟದಿಂದ ಶುರು. ಘೋರ ಯುದ್ಧ ನಡೆಯುತ್ತಿರುತ್ತದೆ, ಪುಟ ತಿರುಗಿಸಿದರೆ ಯಾರೋ ಒಂದು ಪಾತ್ರದ ಹುಟ್ಟುಹಬ್ಬ ಯಾವತ್ತು ಅಂತ ಕೇಳಿರುತ್ತಾರೆ. ಫೋನಿನಲ್ಲಿ ಕಂತು ಕಂತಾಗಿ ಓದುವವರು ಇದನ್ನು ಹಾರಿಸಿಬಿಡುತ್ತಾರೆ. ನನಗೆ ಇದು ಹೋಮದ ಮಧ್ಯದಲ್ಲಿ ಪುರೋಹಿತರು ಎದ್ದು ಕಾಫಿ ಕುಡಿದು ಬಂದ ಹಾಗೆ. ಇಷ್ಟವೇ.

ಅಮ್ಮನಿಗೆ ಕಥೆ ಹೇಳುವುದು ಯಾವಾಗ ಶುರುವಾಯಿತೋ ಸರಿಯಾಗಿ ನೆನಪಿಲ್ಲ. ಆದರೆ 12ನೇ ಸಂಪುಟ ಹೇಳಿದ್ದು ಚೆನ್ನಾಗಿ ನೆನಪಿದೆ. 2017ರ ಪುನರ್ವಸು ಮಳೆ. ಎರಡು ದಿನದಿಂದ ಕರೆಂಟ್ ಇರಲಿಲ್ಲ. ನಮ್ಮದು ಹಳೇ ಹೆಂಚಿನ ಮನೆ, ಬಚ್ಚಲಲ್ಲಿ ಇನ್ನೂ ಹಂಡೆ ಒಲೆ ಇದೆ. ಅಮ್ಮ ಒಲೆ ಮುಂದೆ ಮಣೆ ಹಾಕಿಕೊಂಡು ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು. ಕೆಂಡದಲ್ಲಿ ಹೂತಿಟ್ಟ ನಾಲ್ಕೈದು ಬೀಜ ಆಗಾಗ ಟಪ್ ಅನ್ನುತ್ತಿದ್ದವು. ನಾನು ಒಲೆ ಬೆಳಕಿಗೆ ಪುಸ್ತಕ ಹಿಡಿದು, ಚಿತ್ರ ತೋರಿಸುತ್ತಾ ಹೇಳಿದೆ.

(ನೀವೇ ಓದಬೇಕು ಅಂತಿದ್ದರೆ ಇದನ್ನೂ, ಮುಂದೆ 50ನೇ ಸಂಪುಟದ ಮಾತು ಬರುವಲ್ಲಿ ಅದನ್ನೂ ಬಿಟ್ಟು ಓದಿ. ಬೈಯಬೇಡಿ.)

ಇಡೀ ಲೋಕವನ್ನು ಸುತ್ತುಹಾಕುವ ಒಂದು ಸಮುದ್ರದಾರಿ ಇದೆ. ಅದರ ಬಾಗಿಲಲ್ಲಿ ಒಂದು ಬೆಟ್ಟ, ಬೆಟ್ಟ ಇಳಿದ ಕೂಡಲೇ ಒಂದು ದೀಪಸ್ತಂಭ. ಅಲ್ಲಿ ಬೆಟ್ಟದಷ್ಟೇ ದೊಡ್ಡ ಒಂದು ತಿಮಿಂಗಿಲ. ಹೆಸರು ಲಾಬೂನ್. ಹಣೆ ತುಂಬಾ ಗಾಯದ ಕಲೆ. ಯಾಕೆಂದರೆ ಅದು ಕೂಗುತ್ತಾ ಎದುರಿನ ಬಂಡೆಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಐವತ್ತು ವರ್ಷದ ಹಿಂದೆ ಅದು ಮರಿ. ಒಂದು ಕಡಲ್ಗಳ್ಳರ ಗುಂಪಿನ ಹಿಂದೆ ಈಜಿಕೊಂಡು ಬಂದಿತ್ತು. ಮುಂದಿನ ದಾರಿ ಅಪಾಯದ್ದು, ನೀನು ಚಿಕ್ಕವನು, ಇಲ್ಲೇ ಇರು, ನಾವು ಲೋಕ ಸುತ್ತಿಕೊಂಡು ಎರಡು ಮೂರು ವರ್ಷದಲ್ಲಿ ಬರುತ್ತೇವೆ ಅಂತ ದೀಪಸ್ತಂಭದ ಮುದುಕನ ಹತ್ತಿರ ಬಿಟ್ಟುಹೋದರು. ಬರಲೇ ಇಲ್ಲ. ಇದನ್ನು ಕೇಳಿಸಿಕೊಂಡ ಲೂಫಿ ಏನು ಮಾಡುತ್ತಾನೆ ಅಂದರೆ, ತನ್ನದೇ ಹಡಗಿನ ಕೂವೆಮರ ಕಿತ್ತುಕೊಂಡು ಹೋಗಿ ತಿಮಿಂಗಿಲದ ಗಾಯಕ್ಕೆ ಚುಚ್ಚುತ್ತಾನೆ. ಅದು ರೇಗುತ್ತದೆ. ಇಬ್ಬರೂ ಹೊಡೆದಾಡುತ್ತಾರೆ. ಆಮೇಲೆ ಲೂಫಿ ಹೇಳುತ್ತಾನೆ, ನಮ್ಮ ಜಗಳ ಇನ್ನೂ ಮುಗಿದಿಲ್ಲ, ನಾನು ಲೋಕ ಸುತ್ತಿಕೊಂಡು ಬರುತ್ತೇನೆ, ಆಗ ಮುಂದುವರಿಸೋಣ. ಅದರ ಹಣೆ ಮೇಲೆ ಸೊಟ್ಟಸೊಟ್ಟಗೆ ತನ್ನ ಗುಂಪಿನ ಗುರುತು ಬರೆದು, ಇದು ಅಳಿಸಬಾರದು, ಅದಕ್ಕೇ ತಲೆ ಚಚ್ಚಿಕೊಳ್ಳಬೇಡ ಅಂತ ಹೇಳಿ ಹೊರಟುಹೋಗುತ್ತಾನೆ.

ಅಮ್ಮ ಸಿಪ್ಪೆ ತೆಗೆಯುವುದನ್ನು ನಿಲ್ಲಿಸಿರಲಿಲ್ಲ. “ಒಳ್ಳೇ ಕೆಲಸ ಮಾಡಿದ ಹುಡುಗ” ಅಂದಳು. “ಸಮಾಧಾನ ಹೇಳಿದ್ರೆ ಕೇಳ್ತಿರಲಿಲ್ಲ ಅದು. ಜಗಳ ಬಾಕಿ ಇಟ್ಟ. ಬಾಕಿ ಇಟ್ಟವನು ಬರಲೇಬೇಕಲ್ವಾ.”

ಈ ಒಂದು ಮಾತು ನನಗೆ ಹೊಳೆದಿರಲಿಲ್ಲ. ನಾನು ಅದನ್ನು ಹಾಸ್ಯದ ಭಾಗ ಅಂತ ಓದಿದ್ದೆ.

ಅಲ್ಲಿಂದ ಪ್ರತಿ ಸಂಪುಟ ಮುಗಿದಾಗಲೂ ಅಮ್ಮನದು ಒಂದೇ ಪ್ರಶ್ನೆ. ತಿಮಿಂಗಿಲ ಬಂತಾ? ಮರಳುಗಾಡಿನ ರಾಜ್ಯದ ಕಥೆ ಆರೇಳು ಸಂಪುಟ ನಡೆಯಿತು, ಅದನ್ನು ಕೇಳಿಸಿಕೊಂಡಳು, ರಾಜಕುಮಾರಿಗೆ ಒಳ್ಳೆಯದಾಯಿತಲ್ಲ ಅಂದಳು, ಆಮೇಲೆ, ತಿಮಿಂಗಿಲ ಏನಾಯ್ತು? ಇಲ್ಲಮ್ಮ, ಅದರ ಸುದ್ದಿಯೇ ಇಲ್ಲ. ಮರೆತಿದ್ದಾನೆ ಬರೆಯೋನು, ಅಂದಳು ಒಂದು ಸಲ. ನಾನೂ ಹಾಗೇ ಅಂದುಕೊಂಡಿದ್ದೆ.

2019ರಲ್ಲಿ ಅಪ್ಪ ಹೋದರು. ಎಂಟು ತಿಂಗಳು ಯಾವ ಪುಸ್ತಕವನ್ನೂ ತರಿಸಲಿಲ್ಲ. ಮತ್ತೆ ಶುರು ಮಾಡಿದಾಗ ಯಾರು ಯಾರು ಅಂತಲೇ ಮರೆತಿತ್ತು, ಹಿಂದಿನ ಮೂರು ಸಂಪುಟ ತಿರುಗಿ ಓದಬೇಕಾಯಿತು. ಓದಲು ಕೂತರೆ 21ನೇ ಸಂಪುಟದೊಳಗೆ ಅಪ್ಪನ ಶುಗರ್ ಮಾತ್ರೆಯ ಖಾಲಿ ಹಾಳೆ ಸಿಕ್ಕಿತು. ಪುಟದ ಗುರುತಿಗೆ ನಾನೇ ಇಟ್ಟಿದ್ದು. ಆಮೇಲೆ ಲಾಕ್‌ಡೌನ್.

2021ರ ಮಳೆಗಾಲದಲ್ಲಿ 33ನೇ ಸಂಪುಟ ತಂದವನು ಗೇಟಿನ ಒಳಗೆ ಎಸೆದುಹೋದ. ಮನೆಯಲ್ಲಿ ಯಾರೂ ಇರಲಿಲ್ಲ. ಸಂಜೆ ಬಂದು ನೋಡಿದರೆ ಪುಸ್ತಕ ನೀರು ಕುಡಿದು ಇಡ್ಲಿ ಹಾಗೆ ಉಬ್ಬಿದೆ. ಮಾರಿದವರು ಬದಲಿ ಕೊಡಲಿಲ್ಲ, ಫೋಟೋ ಕಳಿಸಿ ಅಂದರು, ಕಳಿಸಿದೆ, ಇನ್ನೊಂದು ಫೋಟೋ ಕಳಿಸಿ ಅಂದರು. ಬಿಟ್ಟೆ. ಅಮ್ಮ ಅದನ್ನು ಬಚ್ಚಲ ಒಲೆಯ ಮೇಲಿನ ತಂತಿಗೆ ಎರಡು ದಿನ ನೇತುಹಾಕಿದಳು. ನಾನು ದಿನವಿಡೀ ಪಾರ್ಚ್‌ಮೆಂಟ್ ಕಾಫಿಯ ತೇವಾಂಶ ಹತ್ತು ಪರ್ಸೆಂಟಿಗೆ ಇಳಿದಿದೆಯೋ ಇಲ್ಲವೋ ಅಂತ ರಿಜಿಸ್ಟರಿನಲ್ಲಿ ಬರೆಯುವ ಜಾಗದಲ್ಲಿ ಕೆಲಸ ಮಾಡುವವನು, ಮನೆಗೆ ಬಂದು ಹುಲ್ಲುಟೋಪಿ ಹುಡುಗನ ತೇವಾಂಶ ನೋಡುತ್ತಿದ್ದೆ. ಒಣಗಿತು, ಹೊಗೆ ವಾಸನೆ ಮಾತ್ರ ಹೋಗಿಲ್ಲ. ಪುಣ್ಯಕ್ಕೆ ಅದು ಅಷ್ಟೇನೂ ಒಳ್ಳೆಯ ಸಂಪುಟ ಅಲ್ಲ. ಎರಡು ಗುಂಪುಗಳು ಪಂದ್ಯ ಕಟ್ಟಿ ಆಟ ಆಡುವ ಕಥೆ, ನನ್ನ ಪ್ರಕಾರ ಇಡೀ ಸರಣಿಯಲ್ಲಿ ಜಾಳಾಗಿರುವ ಭಾಗ.

ಮಲೆನಾಡಿನಲ್ಲಿ ಪುಸ್ತಕ ಇಟ್ಟುಕೊಳ್ಳುವುದೇ ಒಂದು ಸಾಹಸ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು. ಈ ಪುಸ್ತಕಗಳ ಕಾಗದವೂ ತೆಳು, ಬೇಗ ಹಳದಿ ಆಗುತ್ತದೆ. ಅಪ್ಪನ ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದೇನೆ, ಜೊತೆಗೆ ನುಸಿಗುಳಿಗೆ, ಶೂ ಡಬ್ಬಿಯಲ್ಲಿ ಬರುವ ಆ ಸಣ್ಣ ಪೊಟ್ಟಣಗಳು. ಬಿಸಿಲು ಬಿದ್ದ ದಿನ ಅಂಗಳಕ್ಕೆ ತಂದು, ಸಂಡಿಗೆ ಪಕ್ಕ ಸಾಲಾಗಿ ನಿಲ್ಲಿಸುತ್ತೇನೆ. ಹೆಂಡತಿಗೆ ಕಥೆಯ ಗೊಡವೆ ಇಲ್ಲ, ಟ್ರಂಕ್ ಹಿಡಿಯುವ ಜಾಗದ ಬಗ್ಗೆ ಮಾತ್ರ ತಕರಾರು.

2022ರಲ್ಲಿ ತರೀಕೆರೆಯಲ್ಲಿ ಅಮ್ಮನ ಅಣ್ಣನ ಮೊಮ್ಮಗಳ ಮದುವೆ. ಮಾರನೇ ದಿನ ಬೆಳಿಗ್ಗೆ ಅಮ್ಮ ಅಮೃತಾಪುರಕ್ಕೆ ಹೋಗೋಣ ಅಂದಳು. ಅಮೃತೇಶ್ವರ ದೇವಸ್ಥಾನ, ಹೊಯ್ಸಳರ ವೀರಬಲ್ಲಾಳನ ಕಾಲದ್ದು, 1196ರಲ್ಲಿ ಕಟ್ಟಿದ್ದು. ಬೇಲೂರು ಹಳೇಬೀಡಿನ ಜನಜಂಗುಳಿ ಇಲ್ಲ, ಅಡಿಕೆ ತೋಟಗಳ ನಡುವೆ ತಣ್ಣಗಿದೆ. ಮಂಟಪದ ಹೊರಗೋಡೆಯ ಮೇಲೆ ಸಾಲಾಗಿ 140 ಚೌಕಗಳು. ಬೇರೆ ಕಡೆ ಇರುವ ಹಾಗೆ ಬೆರಳುದ್ದದ ಸೂಕ್ಷ್ಮ ಕೆತ್ತನೆ ಅಲ್ಲ, ಸ್ವಲ್ಪ ದೊಡ್ಡದಾಗಿಯೇ ಇವೆ, ನಿಂತು ಕಥೆ ಓದಬಹುದು. ದಕ್ಷಿಣದ ಕಡೆ ರಾಮಾಯಣ, 70 ಚೌಕ. ಉತ್ತರದ ಕಡೆ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45.

ಅಮ್ಮ ಪ್ರದಕ್ಷಿಣೆ ಹೊರಟಳು. ನಾನು ಹಿಂದೆ. ಉತ್ತರದ ಗೋಡೆ ಹತ್ತಿರ ಕೃಷ್ಣನ ಕಥೆ ನೋಡುತ್ತಾ ಹೋಗುತ್ತಿದ್ದಾಗ ತಟ್ಟನೆ ನಿಂತೆ. ದೇವರನ್ನು ಬಲಕ್ಕೆ ಇಟ್ಟುಕೊಂಡು ನಡೆಯುತ್ತೇವಲ್ಲ, ಗೋಡೆ ಕಡೆ ಮುಖ ಮಾಡಿ ನಿಂತರೆ ಕಥೆ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ? ಬಲದಿಂದ ಎಡಕ್ಕೆ! ಮೊದಲ ಚೌಕ ಬಲಗಡೆ, ಮುಂದಿನದು ಅದರ ಎಡಕ್ಕೆ. ನಾನು ಮೆಜೆಸ್ಟಿಕ್ ಬಸ್ಸಿನಲ್ಲಿ ಕಷ್ಟಪಟ್ಟು ಕಲಿತ ದಿಕ್ಕು. ಎಂಟುನೂರು ವರ್ಷದಿಂದ ನಮ್ಮ ಜಿಲ್ಲೆಯಲ್ಲೇ ಜನ ಆ ದಿಕ್ಕಿನಲ್ಲಿ ಚಿತ್ರಕಥೆ ಓದುತ್ತಿದ್ದಾರೆ, ಕಾಲಲ್ಲಿ.

ಇನ್ನೂ ಮಜಾ ಏನೆಂದರೆ ದಕ್ಷಿಣದ ರಾಮಾಯಣ ಮಾತ್ರ ಉಲ್ಟಾ. ಅದು ಅಪ್ರದಕ್ಷಿಣವಾಗಿ ಸಾಗುತ್ತದೆ, ಅಂದರೆ ಗೋಡೆ ನೋಡುತ್ತಾ ನಿಂತವರಿಗೆ ಎಡದಿಂದ ಬಲಕ್ಕೆ, ನಮ್ಮ ಪುಸ್ತಕದ ಹಾಗೆ. ಹೊಯ್ಸಳ ಗುಡಿಗಳಲ್ಲಿ ಇದು ಅಪರೂಪ. ಪ್ರದಕ್ಷಿಣೆ ಹಾಕುತ್ತಾ ಬಂದವರಿಗೆ ಮೊದಲು ಸಿಗುವುದೇ ಕಥೆಯ ಕೊನೆ. ಅಮ್ಮನಿಗೆ ತೋರಿಸಿದೆ. ಅವಳು ಚಿಕ್ಕವಳಿದ್ದಾಗಿನಿಂದ ಬರುತ್ತಿರುವ ಜಾಗ, ಗಮನಿಸಿರಲಿಲ್ಲವಂತೆ. ಆದರೂ ಒಪ್ಪಲಿಲ್ಲ. “ರಾಮಾಯಣ ಯಾವ ಕಡೆಯಿಂದ ಆದ್ರೂ ಗೊತ್ತಿರೋದೇ ಅಲ್ವಾ” ಅಂದಳು. ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ, “ಗೊತ್ತಿಲ್ದೇ ಇರೋ ಕಥೇನ ಮಾತ್ರ ಹಾಗೆ ಓದ್ಬೇಡ” ಅಂದಳು.

ಚೌಕದಿಂದ ಚೌಕಕ್ಕೆ ಹೋಗಲು ಅಲ್ಲಿ ಒಂದು ಹೆಜ್ಜೆ ಇಡಬೇಕು. ಆ ಹೆಜ್ಜೆಯಲ್ಲಿ ಚಿತ್ರ ಇಲ್ಲ. ಬರೀ ಕಲ್ಲು. ಒಂದು ಚೌಕದಲ್ಲಿ ಬಿಲ್ಲು ಎತ್ತಿದವನು ಮುಂದಿನದರಲ್ಲಿ ಬಾಣ ಬಿಟ್ಟಾಗಿರುತ್ತದೆ, ಬಿಟ್ಟಿದ್ದು ನಾವು ಕಾಲು ಎತ್ತಿ ಇಟ್ಟಾಗ. ನನ್ನ ಎರಡು ತಿಂಗಳಿಗೊಂದು ಸಂಪುಟದ ಹಟಕ್ಕೆ ಅರ್ಥ ಏನು ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದಾಗ ನಾನು ಏನೇನೋ ಉತ್ತರ ಹೇಳುತ್ತಿದ್ದೆ. ಈಗ ಇದನ್ನು ಹೇಳುತ್ತೇನೆ. ಯಾರಿಗೂ ಅರ್ಥ ಆಗುವುದಿಲ್ಲ, ಆದರೆ ಪ್ರಶ್ನೆ ನಿಲ್ಲುತ್ತದೆ.

50ನೇ ಸಂಪುಟ 2023ರ ಕೊನೆಯಲ್ಲಿ ಬಂತು. ಅದಕ್ಕೂ ಮೊದಲೇ, 46ರಲ್ಲಿ, ಮಂಜು ಮುಸುಕಿದ ಸಮುದ್ರದಲ್ಲಿ ಒಂದು ಪಾಳು ಹಡಗು. ಅದರಲ್ಲಿ ಒಬ್ಬನೇ ಒಬ್ಬ, ಅವನೂ ಅಸ್ಥಿಪಂಜರ. ತಲೆ ಮೇಲೆ ಮಾತ್ರ ದಟ್ಟ ಗುಂಗುರು ಕೂದಲು. ಬ್ರೂಕ್ ಅಂತ ಹೆಸರು, ಪಿಟೀಲು ಬಾರಿಸುತ್ತಾನೆ, ಕೆಟ್ಟ ಜೋಕು ಹೇಳುತ್ತಾನೆ. ಸತ್ತ ಮೇಲೆ ತಿರುಗಿ ಬದುಕುವ ಹಣ್ಣು ತಿಂದಿದ್ದ, ಆದರೆ ಜೀವ ದೇಹ ಹುಡುಕಿಕೊಂಡು ಬರುವಷ್ಟರಲ್ಲಿ ಮೂಳೆ ಮಾತ್ರ ಉಳಿದಿತ್ತು. ತಮಾಷೆಯ ಪಾತ್ರ ಅಂದುಕೊಂಡೇ ಓದುತ್ತಾ ಹೋದೆ. ಆಮೇಲೆ ಅವನು ಹೇಳುತ್ತಾನೆ, ಒಂದು ತಿಮಿಂಗಿಲಕ್ಕೆ ಮಾತು ಕೊಟ್ಟಿದ್ದೆವು ಅಂತ.

ಪುಸ್ತಕ ಕೆಳಗಿಟ್ಟು ಎದ್ದುಹೋಗಿ ನೀರು ಕುಡಿದು ಬಂದೆ. ಆರು ವರ್ಷ. ಜಪಾನಿನಲ್ಲಿ ಸಂಪುಟ ಕೊಂಡು ಓದಿದವರು ಪೂರ್ತಿ ಕಥೆ ತಿಳಿಯಲು ಎಂಟು ವರ್ಷ ಕಾದಿದ್ದರು, 12 ಬಂದದ್ದು 2000ದಲ್ಲಿ, 50 ಬಂದದ್ದು 2008ರಲ್ಲಿ. ಮರೆತಿದ್ದಾನೆ ಅಂದುಕೊಂಡಿದ್ದವನು ಮರೆತೇ ಇರಲಿಲ್ಲ.

50ನೇ ಸಂಪುಟದಲ್ಲಿ ಅವರೆಲ್ಲ ಹೇಗೆ ಸತ್ತರು ಅಂತ ಬರುತ್ತದೆ. ವಿಷದ ಆಯುಧದಿಂದ ಗಾಯವಾಗಿದೆ, ಯಾರೂ ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ತಿಮಿಂಗಿಲಕ್ಕೆ ಕೇಳಿಸಲಿ ಅಂತ ಕೊನೆಯ ಸಲ ಒಟ್ಟಿಗೆ ಹಾಡುತ್ತಾರೆ. ಧ್ವನಿ ಹಿಡಿದಿಡುವ ಒಂದು ಚಿಪ್ಪಿನಲ್ಲಿ ಅದು ದಾಖಲಾಗುತ್ತದೆ. ಹಾಡು ನಡೆಯುತ್ತಿದ್ದ ಹಾಗೇ ಒಬ್ಬೊಬ್ಬರೇ ಬೀಳುತ್ತಾರೆ. ಪುಟದಲ್ಲಿ ಸದ್ದು ಇಲ್ಲ, ಗೊತ್ತಲ್ಲ, ಬರೀ ಕಪ್ಪು ಶಾಯಿ. ಆದರೂ ವಾದ್ಯಗಳು ಒಂದೊಂದಾಗಿ ನಿಲ್ಲುವುದು ಕೇಳಿಸುತ್ತದೆ. ನಾಲ್ಕು, ಮೂರು, ಎರಡು. ಕೊನೆಗೆ ಬ್ರೂಕ್ ಒಬ್ಬನೇ. ನಾನು ಪುಟ ತಿರುಗಿಸಲು ಹೆದರಿದ್ದು ಇದೊಂದೇ ಸಲ.

ಅಮ್ಮನಿಗೆ ಅವತ್ತೇ ರಾತ್ರಿ ಹೇಳಿದೆ. ಅವಳು ಅಳಲಿಲ್ಲ. “ಸತ್ತಿರ್ತಾರೆ ಅಂತ ನಾನು ಅವತ್ತೇ ಅಂದ್ಕೊಂಡಿದ್ದೆ” ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೋಗಿ ಹೇಳಿದ್ನಾ ಅದಕ್ಕೆ?”

“ಇಲ್ಲ. ಹಿಂದಕ್ಕೆ ಹೋಗಲ್ವಂತೆ. ಅದು ಗೋಡೆ ಕಡೆ ಮುಖ ಮಾಡ್ಕೊಂಡು ಕಾಯ್ತಾ ಇದೆ. ಲೋಕ ಪೂರ್ತಿ ಸುತ್ತಿ, ಆ ಕಡೆಯಿಂದ ಎದುರಿಗೇ ಬರ್ತೀನಿ ಅಂತಾನೆ.”

“ಹೌದು ಮತ್ತೆ. ಪ್ರದಕ್ಷಿಣೆ ಅರ್ಧಕ್ಕೆ ಬಿಟ್ಟು ವಾಪಸ್ ಬರೋಕಾಗುತ್ತಾ?”

ಅಲ್ಲಿಂದ ಈಚೆಗೆ ನಾನು 12 ಸಂಪುಟ ಮುಂದೆ ಬಂದಿದ್ದೇನೆ. ಎಲ್ಲವೂ ಚೆನ್ನಾಗಿಲ್ಲ. ಪುಟಗಳು ದಿನದಿನಕ್ಕೆ ಕಿಕ್ಕಿರಿಯುತ್ತಿವೆ. ಮೊದಲ ಸಂಪುಟಗಳಲ್ಲಿ ಸಮುದ್ರ ಅಂದರೆ ಅರ್ಧ ಪುಟ ಖಾಲಿ ಬಿಳಿ ಇರುತ್ತಿತ್ತು, ಕಣ್ಣಿಗೆ ಗಾಳಿ ಬೀಸಿದ ಹಾಗೆ. ಈಗ ಒಂದೊಂದು ಚೌಕದಲ್ಲೂ ಹತ್ತು ಜನ, ಹತ್ತೂ ಜನ ಮಾತಾಡುತ್ತಿರುತ್ತಾರೆ, ಸಂತೆ ದಿನದ ಬಸ್ಸು. ಆದರೆ 61ನೇ ಸಂಪುಟದ ರಟ್ಟು ನೋಡಿ ಟ್ರಂಕಿನ ತಳದಿಂದ ಒಂದನೇ ಸಂಪುಟ ಹೊರಗೆ ತೆಗೆದೆ. ಅದೇ ಮೂವರು, ಅದೇ ಭಂಗಿ. ಕಥೆಯಲ್ಲಿ ಅವರಿಗೆ ಎರಡು ವರ್ಷ ಜಾಸ್ತಿ ಆಗಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟೆ. ಹಳೆಯದರ ಅಂಚು ಕಂದಿದೆ, ಒಳಗೆ ಚಿಕ್ಕಮಗಳೂರು ಬಸ್ಸಿನ ಟಿಕೆಟ್ ಇನ್ನೂ ಇದೆ.

ಅಣ್ಣನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನು ಇದನ್ನೆಲ್ಲ ಫೋನಿನಲ್ಲಿ ನೋಡಿದ್ದಾನೆ, ಸಾವಿರ ಎಪಿಸೋಡು ಮೀರಿದ ಕಾರ್ಟೂನು, ಅದನ್ನೂ ಓಡಿಸಿಕೊಂಡು. ಕಳೆದ ದೀಪಾವಳಿಗೆ ಬಂದಿದ್ದ. “ಚಿಕ್ಕಪ್ಪ, ನೀವಿನ್ನೂ ಅಲ್ಲೇ ಇದ್ದೀರಾ?” ಅಂತ ನಕ್ಕ. ನಮಗಿಬ್ಬರಿಗೂ ಹೆಸರಿನಲ್ಲೇ ಜಗಳ. ಕತ್ತಿ ವರಸೆಯವನು ಅವನಿಗೆ ಜೋರೊ. ನನ್ನ ಇಂಗ್ಲಿಷ್ ಸಂಪುಟಗಳಲ್ಲಿ ಅವನು ಜೋಲೊ. ಮೂರು ಕತ್ತಿ ಹಿಡಿದು ಹೋರಾಡುವ ವೀರನಿಗೆ ಜೋಲೊ ಅಂದರೆ ನಮ್ಮ ಕಡೆ ಜೋಲು ಮುಖವೇ ನೆನಪಾಗುವುದು, ಏನು ಮಾಡೋದು.

ಅಮ್ಮ ಚಕ್ಕುಲಿ ಒತ್ತುತ್ತಿದ್ದಳು. ಅವನು ಮೆಲ್ಲಗೆ ಹತ್ತಿರ ಹೋಗಿ, “ಅಜ್ಜೀ, ತಿಮಿಂಗಿಲದ್ದು ನಾನು ಹೇಳ್ಲಾ?” ಅಂದ. ನನಗೆ ಎದೆ ಧಸಕ್ಕೆಂದಿತು. ಅಮ್ಮ ಹಿಟ್ಟಿನ ಕೈಯಲ್ಲೇ ಅವನ ಬಾಯಿ ಮುಚ್ಚಿದಳು. “ಬೇಡ ಕಣೋ. ಅವನು ಓದ್ಲಿ. ಅವನೇ ಹೇಳ್ತಾನೆ.”

ಅವನು ಮೀಸೆಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತಾ, “ಅಯ್ಯೋ ಅಜ್ಜಿ, ಹೇಳೋಕೆ ಏನೂ ಇಲ್ಲ. ಜಪಾನಿನವರಿಗೇ ಇನ್ನೂ ಗೊತ್ತಿಲ್ಲ” ಅಂದ.

“ಇನ್ನೂ ಕಾಯ್ತಾ ಇದೆಯಾ?”

“ಕಾಯ್ತಾ ಇದೆ.”

ಅಮ್ಮ ಏನೂ ಅನ್ನಲಿಲ್ಲ. ಬಾಣಲೆಗೆ ಚಕ್ಕುಲಿ ಬಿಟ್ಟಳು.

ಆ ರಾತ್ರಿ ಲೆಕ್ಕ ಹಾಕಿದೆ. ಲೆಕ್ಕದವನು ತಾನೇ. ಜಪಾನಿನಲ್ಲಿ ಸಂಪುಟ 110 ದಾಟಿದೆ, ಈಗ ವರ್ಷಕ್ಕೆ ಮೂರು ಬರುತ್ತವೆ. ನನಗೂ ಅವರಿಗೂ ಐವತ್ತರ ಅಂತರ. ನಾನು ವರ್ಷಕ್ಕೆ ಆರು ಓದಿದರೆ ವರ್ಷಕ್ಕೆ ಮೂರರಂತೆ ಅಂತರ ಕಡಿಮೆ ಆಗುತ್ತದೆ. ಅವರನ್ನು ಮುಟ್ಟಲು ಹದಿನೇಳು ವರ್ಷ ಬೇಕು. ಅಮ್ಮನಿಗೆ ಈಗ ಎಪ್ಪತ್ತೆರಡು. ವರ್ಷಕ್ಕೆ ಹನ್ನೆರಡು ಓದಿದರೆ ಐದಾರು ವರ್ಷ ಸಾಕು.

ಹತ್ತು ವರ್ಷದಲ್ಲಿ ಮೊದಲ ಸಲ ಎರಡು ಸಂಪುಟ ಒಟ್ಟಿಗೆ ತರಿಸಿದೆ. 63 ಮತ್ತು 64. ಹೋದ ವಾರ ಬಂತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅಮ್ಮ ಪೊಟ್ಟಣ ಬಿಚ್ಚಿ, ಅಂಟಿನ ಟೇಪು ಸುತ್ತಿ ಪಕ್ಕಕ್ಕಿಟ್ಟು, ಪುಸ್ತಕಗಳನ್ನು ತೊಡೆ ಮೇಲೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ರಟ್ಟಿನ ಮೇಲಿನ ನಂಬರು ಓದಲು ಅವಳಿಗೆ ಕಷ್ಟವಿಲ್ಲ.

“ಇದೇನೋ, ಎರಡು?”

“ಬೇಗ ಓದೋಣ ಅಂತ.”

ಅಮ್ಮ ನನ್ನ ಮುಖ ನೋಡಿದಳು. 63ನ್ನು ನನ್ನ ಕೈಗೆ ಕೊಟ್ಟಳು. 64ನ್ನು ಒಳಗೆ ತೆಗೆದುಕೊಂಡು ಹೋಗಿ ತನ್ನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ಟು, ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.